ಶನಿವಾರದ ಕಿಣ್ವ

ಮೊನ್ನೆ ಶುಕ್ರವಾರ ಅಕ್ಕನ ಬೀಳ್ಕೊಡುಗೆ ಇತ್ತು. ನಾನು ಪಿಎಚ್‌ಡಿ ಮಾಡಿದ ಜೀವರಸಾಯನ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಟೆಕ್ನಿಷಿಯನ್ ಆಗಿದ್ದವರು. ಅರವತ್ತು ಕುರ್ಚಿಯ ಸೆಮಿನಾರ್ ಹಾಲಿನಲ್ಲಿ ನೂರಕ್ಕೂ ಹೆಚ್ಚು ಜನ, ಅರ್ಧದಷ್ಟು ಮಂದಿ ಗೋಡೆಗೆ ಒರಗಿ ನಿಂತಿದ್ದರು. ಹಳೆಯ ವಿದ್ಯಾರ್ಥಿಗಳ ಪರವಾಗಿ ಎರಡು ನಿಮಿಷ ಮಾತಾಡಿ ಎಂದು ನನ್ನನ್ನು ಕರೆದರು. ನಾನು ದೋಸೆಯ ಕಥೆ ಹೇಳಿದೆ. ಆ ವಿಭಾಗದಲ್ಲಿ ಅದು ಎಲ್ಲರಿಗೂ ಗೊತ್ತಿರುವ ಕಥೆ, ಆದರೂ ಕೇಳುತ್ತಾರೆ.

"ಆ ದಿನ ನಾನು ಒಂದೇ ಒಂದು ಮಸಾಲೆ ದೋಸೆ ತಿಂದದ್ದಕ್ಕೆ..." ಎನ್ನುತ್ತಿದ್ದಂತೆ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿದ್ದ ಅಕ್ಕ, ಮೈಕು ಇಲ್ಲದೆಯೇ ಹಿಂದಿನ ಸಾಲಿಗೆ ಮುಟ್ಟುವ ದನಿಯಲ್ಲಿ ಅಂದರು: "ಒಂದಲ್ಲ ಕಣಮ್ಮ, ಎರಡು."

ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ.

ಸಂಜೆ ಜಯಲಕ್ಷ್ಮಿಪುರದ ಮನೆಗೆ ಬಂದು, ಹನ್ನೊಂದು ವರ್ಷದ ಹಿಂದಿನ ಡೈರಿ ಹುಡುಕಿ ತೆಗೆದೆ. ಎರಡೇ. ಅಷ್ಟಕ್ಕೆ ಮುಚ್ಚಿಟ್ಟಿದ್ದರೆ ಚೆನ್ನಾಗಿತ್ತು. ಮುಂದಿನ ಪುಟಗಳನ್ನೂ ಓದಿದೆ. ಭಾಷಣದಲ್ಲಿ ನಾನು ಇನ್ನೊಂದು ಮಾತು ಹೇಳಿದ್ದೆ: "ಶನಿವಾರದ ಫಲಿತಾಂಶಗಳೆಲ್ಲ ಬೇರೆ ಥರ ಇವೆಯಲ್ಲ ಅಂತ ನನಗೆ ಥಟ್ಟನೆ ಹೊಳೆಯಿತು." ಚಪ್ಪಾಳೆ ಬಂದಿತ್ತು. ಡೈರಿಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಬೇರೆಯೇ ಇದೆ. ಹೊಳೆದದ್ದು ನನಗಲ್ಲ, ಅಕ್ಕನಿಗೆ.

ಬೇಕೆಂದೇ ಸುಳ್ಳು ಹೇಳಿದೆನೆ? ಇಲ್ಲ ಅಂದುಕೊಂಡಿದ್ದೇನೆ. ಆದರೆ ಇಷ್ಟು ವರ್ಷ ನನ್ನ ಕಾಲೇಜಿನ ಮಕ್ಕಳಿಗೆ ಈ ಕಥೆ ಹೇಳುತ್ತಾ ಹೇಳುತ್ತಾ, ಪ್ರತಿ ಸಲವೂ ಅಕ್ಕ ಒಂದೊಂದು ಹೆಜ್ಜೆ ಹಿಂದೆ ಸರಿದು, ನಾನು ಒಂದೊಂದು ಹೆಜ್ಜೆ ಮುಂದೆ ಬಂದಿರಬೇಕು. ಅಕ್ಕ ಎದುರಿಗೇ ಕೂತಿದ್ದರು. ದೋಸೆಯ ಸಂಖ್ಯೆ ತಿದ್ದಿದವರು ಇದನ್ನು ತಿದ್ದಲಿಲ್ಲ. ಅದೇ ನನ್ನನ್ನು ಚುಚ್ಚುತ್ತಿರುವುದು. ಆದ್ದರಿಂದ ಡೈರಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡೈರಿಯೂ ನಾನೇ ಬರೆದದ್ದು, ಅದನ್ನೂ ಪೂರ್ತಿ ನಂಬಬೇಕಿಲ್ಲ. ಆದರೆ ಅವತ್ತವತ್ತೇ ಬರೆದದ್ದು ಎಂಬ ಒಂದು ಗುಣ ಅದಕ್ಕಿದೆ.

ಹೆಸರು ಬರೆಯುತ್ತಿಲ್ಲ. "ಯೆಸರು ಆಕ್ಬೇಡ. ನೆಂಟರೆಲ್ಲ ಶುಗರ್ ರಿಪೋರ್ಟ್ ಇಡ್ಕೊಂಡು ಬಂದ್ಬುಡ್ತಾರೆ, ಓದಿ ಏಳು ಅಂತ" ಎಂದು ಅವರೇ ಹೇಳಿದ್ದಾರೆ. ವಿಭಾಗದಲ್ಲಿ ಎಲ್ಲರಿಗೂ ಅವರು ಅಕ್ಕ. ಅವರಿಗಿಂತ ಎರಡು ವರ್ಷ ದೊಡ್ಡವರಾಗಿದ್ದ ನನ್ನ ಗೈಡ್ ಕೂಡ "ಏನಕ್ಕಾ, ಬಫರ್ ಆಯ್ತಾ?" ಎಂದೇ ಕೇಳುತ್ತಿದ್ದರು.

ಮೊದಲ ದಿನ ಅವರು ನನಗೆ ಬೈದರು. ಇದರಲ್ಲಿ ನೆನಪಿಗೂ ಡೈರಿಗೂ ಭಿನ್ನಾಭಿಪ್ರಾಯವಿಲ್ಲ. ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಇತ್ತು. ಹೆಪ್ಪುಗಟ್ಟದಿರಲಿ ಎಂದು ನಾನು ಅದನ್ನು ಕೆಮ್ಮಿನ ಔಷಧಿಯ ಶೀಶೆಯಂತೆ ಕುಲುಕಿದೆ.

"ಏನ್ರೀ, ಒಳಗೆ ಜೀವ ಇರೋರು ಅವ್ರೆ. ನಿಮ್ಮನ್ನ ಡ್ರಮ್ಮಿನೊಳಗೆ ಆಕಿ ಅಂಗೆ ಕುಲುಕಿದ್ರೆ ಎಂಗಿರ್ತದೆ?" ಎಂದರು. ಟ್ಯೂಬನ್ನು ನನ್ನ ಕೈಯಿಂದ ತೆಗೆದುಕೊಂಡು, ಮಲಗಿದ ಮಗುವನ್ನು ಮಗ್ಗುಲಾಗಿಸುವಂತೆ ಎಂಟು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿದರು. ಎಂಟೇ. ಏಳೂ ಅಲ್ಲ, ಒಂಬತ್ತೂ ಅಲ್ಲ.

ಬಿಳಿ ಕೋಟಿನ ತೋಳಿನ ಮೇಲೆ, ಬಟ್ಟೆಯ ಹೊರಗೆ ಕಾಣುವಂತೆ ವಾಚು ಕಟ್ಟುತ್ತಿದ್ದರು. ಗೋಡೆ ಗಡಿಯಾರದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ರಿಜಿಸ್ಟರಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ, ದಪ್ಪಕ್ಷರದಲ್ಲಿ ಬರೆಯುತ್ತಿದ್ದರು. ಕೊನೆಯ 'ರಿಮಾರ್ಕ್ಸ್' ಕಾಲಮ್ಮನ್ನು ಮಾತ್ರ ಕನ್ನಡದಲ್ಲಿ. "ಸ್ವಲ್ಪ ಕೆಂಪು ಉಳಿದಿದೆ." "ಕರೆಂಟ್ ಓಗಿ ಬಂತು." "ಇವರು ಸೂಜಿಗೆ ಎದರಿ ಅತ್ತರು, ಪಾಪ." ಸೆಂಟ್ರಿಫ್ಯೂಜ್ ಎಂಬ, ರಕ್ತವನ್ನು ಗಿರಗಿರ ತಿರುಗಿಸಿ ಪದರ ಪದರವಾಗಿ ಬೇರ್ಪಡಿಸುವ ಯಂತ್ರದ ಮುಚ್ಚಳ ಹಾಕುವಾಗ ಅದರ ತಲೆ ಸವರಿ, "ಸುತ್ತಪ್ಪಾ, ಸಮಾಧಾನವಾಗಿ ಸುತ್ತು" ಅನ್ನುತ್ತಿದ್ದರು. ಆ ಯಂತ್ರ ಬೇರೆ ಯಾರು ಮುಟ್ಟಿದರೂ ಗಡಗಡ ಅನ್ನುತ್ತಿತ್ತು. ಇದು ನನ್ನ ಉತ್ಪ್ರೇಕ್ಷೆ ಇರಬಹುದು. ಡೈರಿಯಲ್ಲಿ ಇಲ್ಲ.

ನನ್ನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ, ನಮ್ಮನ್ನು ರೋಗಗಳಿಂದ ಕಾಯಬೇಕಾದ ಬಿಳಿ ರಕ್ತಕಣಗಳು ನಮ್ಮದೇ ನರಗಳ ಹೊದಿಕೆಯನ್ನು ಹಾಳು ಮಾಡುತ್ತವೆ. ಆ ಕಣಗಳಲ್ಲಿರುವ ಒಂದು ಕಿಣ್ವ ರೋಗಿಗಳಲ್ಲಿ ಎಷ್ಟು ಚುರುಕು, ಆರೋಗ್ಯವಂತರಲ್ಲಿ ಎಷ್ಟು ಚುರುಕು ಎಂದು ಅಳೆದು ಹೋಲಿಸುವುದು ನನ್ನ ಪಿಎಚ್‌ಡಿ. ಕಿಣ್ವ ಕೆಲಸ ಮಾಡಿದರೆ ದ್ರಾವಣ ನೀಲಿಯಾಗುತ್ತದೆ. ನೀಲಿ ಗಾಢವಾದಷ್ಟೂ ಕಿಣ್ವ ಚುರುಕು.

ಇದನ್ನು ಅಕ್ಕ ನನಗಿಂತ ಚೆನ್ನಾಗಿ ಹೇಳಬಲ್ಲವರಾಗಿದ್ದರು. ನಮಗೆ ರಕ್ತ ಕೊಡುತ್ತಿದ್ದವರಲ್ಲಿ ಒಬ್ಬರು ಡ್ರಾಯಿಂಗ್ ಟೀಚರ್ ಇದ್ದರು. ಮೂವತ್ತೈದರ ಆಸುಪಾಸು. ಬಲಗೈ ಜೋಮು ಹಿಡಿದು ಬ್ರಷ್ ಜಾರುತ್ತದೆ ಎಂದು ಎಡಗೈಯಲ್ಲಿ ಬರೆಯಲು ಕಲಿತಿದ್ದರು. ಒಂದು ದಿನ "ನನ್ನ ರಕ್ತ ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಕು" ಎಂದು ಕೋಲು ಊರಿಕೊಂಡು ವಿಭಾಗಕ್ಕೇ ಬಂದುಬಿಟ್ಟರು. ಅಕ್ಕ ಅವರನ್ನು ಸ್ಟೂಲಿನ ಮೇಲೆ ಕೂರಿಸಿದರು.

"ನಮ್ಮಪ್ಪ ಗಾರೆ ಕೆಲಸ ಮಾಡೋರು ಕಣ್ರೀ. ನಂಜನಗೂಡು ಕಡೆಯಿಂದ ಬಂದು ಈ ಊರಲ್ಲಿ ಅದೆಷ್ಟು ಗೋಡೆಗೆ ಗಾರೆ ಬಳಿದವ್ರೋ. ಈಗ ನೀವು ಮನೆ ಕಾಯೋಕೆ ಅಂತ ಆಳು ಇಡ್ತೀರಿ. ಅವನಿಗೆ ತಲೆ ಕೆಟ್ಟು, ಕಳ್ಳ ಎಲ್ಲಿ ಅಂತ ನಿಮ್ಮ ಗೋಡೆಯ ಗಾರೆನೇ ಕೆರೆಯೋಕೆ ಶುರು ಮಾಡ್ತಾನೆ. ಅದು ನಿಮ್ಮ ಕಾಯಿಲೆ. ಅವನ ಕೈಲಿ ಒಂದು ಕರಣೆ ಇರ್ತದಲ್ಲ, ಅದು ಕಿಣ್ವ. ಈ ಹುಡುಗಿ ಆ ಕರಣೆ ಎಷ್ಟು ಮೊನಚಾಗದೆ ಅಂತ ನೋಡ್ತಾಳೆ. ಅಷ್ಟೇಯ."

"ಆಳನ್ನ ಕೆಲಸದಿಂದ ಬಿಡಿಸೋಕೆ ಆಗಲ್ವಾ?" ಎಂದರು ಟೀಚರ್.

"ಬಿಡಿಸಿದ್ರೆ ನಿಜವಾದ ಕಳ್ಳ ಬರ್ತಾನಲ್ಲ ತಾಯಿ. ಅದಕ್ಕೇ ಡಾಕ್ಟ್ರು ಒದ್ದಾಡ್ತಿರೋದು."

ಟೀಚರ್ ನಕ್ಕರು. ಟ್ಯೂಬಿನಲ್ಲಿ ಕೆಂಪು ಕೆಳಗೆ ಇಳಿದು, ನಡುವೆ ಹಾಲಿನ ಕೆನೆಯಷ್ಟು ತೆಳುವಾಗಿ ನಿಂತಿದ್ದ ಬಿಳಿ ಕಣಗಳ ಉಂಗುರವನ್ನು ಎಡಗೈಯಲ್ಲೇ ಚಿತ್ರ ಬರೆದುಕೊಂಡು ಹೋದರು.

ಆರೋಗ್ಯವಂತರ ರಕ್ತ ಸಂಪಾದಿಸುವುದು ರೋಗಿಗಳ ರಕ್ತಕ್ಕಿಂತ ಕಷ್ಟವಾಗಿತ್ತು. ಮೈಸೂರಿನಲ್ಲಿ ನಲವತ್ತು ದಾಟಿದವರನ್ನು ಕೇಳಿದರೆ ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಥೈರಾಯ್ಡ್. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೈ ಒಡ್ಡುವ ಒಬ್ಬ ಶುದ್ಧ ಆರೋಗ್ಯವಂತ ಸಿಕ್ಕಿದರೆ ಅಕ್ಕ ಅವರಿಗೆ ತಮ್ಮ ಡಬ್ಬಿಯ ಉಪ್ಪಿಟ್ಟು ಕೊಡುತ್ತಿದ್ದರು. ಯಾರೂ ಸಿಗದ ದಿನ ತಮ್ಮ ತೋಳನ್ನೇ ಮಡಿಸುತ್ತಿದ್ದರು. ಉಪ್ಪಿಟ್ಟನ್ನೂ ತಾವೇ ತಿನ್ನುತ್ತಿದ್ದರು. "ಇವತ್ತಿನ ಆರೋಗ್ಯವಂತೆ ನಾನೇಯ" ಎಂದು ಮೇಜಿನ ಮೇಲೆ ಡಬ್ಬಿ ಇಡುತ್ತಿದ್ದರು, ಚುನಾವಣೆ ಗೆದ್ದವರಂತೆ.

ರೋಗಿಗಳ ರಕ್ತ ತರುವುದು ನನ್ನ ಪಾಲಿನ ಕೆಲಸ. ದಟ್ಟಗಳ್ಳಿಯಲ್ಲಿ ಒಬ್ಬ ನರರೋಗ ತಜ್ಞರ ಕ್ಲಿನಿಕ್ಕು. ಸೋಮವಾರ, ಬುಧವಾರ, ಶನಿವಾರ ಬೆಳಗ್ಗೆ ಅಲ್ಲಿ ರಕ್ತ ತೆಗೆಯುತ್ತಿದ್ದರು. ನಾನು ಅದನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟು, ಸ್ಕೂಟರಿನ ಡಿಕ್ಕಿಗೆ ಹಾಕಿ, ವಿಭಾಗಕ್ಕೆ ತರುತ್ತಿದ್ದೆ. ಜೀವಂತ ಕಣಗಳಾದ್ದರಿಂದ ಐಸ್ ಇಡುವಂತಿಲ್ಲ. ತಂಪೂ ಬೇಡ, ಬಿಸಿಯೂ ಬೇಡ. ತಂದ ಟ್ಯೂಬುಗಳನ್ನು ಅಕ್ಕ ಆರೋಗ್ಯವಂತರ ಟ್ಯೂಬುಗಳ ಜೊತೆ ಬೆರೆಸಿ, ಹೆಸರಿನ ಚೀಟಿ ಕಿತ್ತು, ಸಂಖ್ಯೆ ಅಂಟಿಸುತ್ತಿದ್ದರು. ಯಾವ ಸಂಖ್ಯೆ ಯಾರದೆಂಬುದು ಅವರ ರಿಜಿಸ್ಟರಿನಲ್ಲಿ ಮಾತ್ರ ಇತ್ತು. ಅಳೆಯುವವಳಿಗೆ ಆಸೆ ಇರುತ್ತದೆ, ಆಸೆ ಕಣ್ಣಿಗೆ ಬರುತ್ತದೆ ಎಂಬುದು ಅವರ ವಾದ.

ಒಂದೂವರೆ ವರ್ಷದ ಕೆಲಸ ಮುಗಿದಾಗ ಸಂಖ್ಯೆಗಳ ಗುಟ್ಟು ಬಿಚ್ಚಿದೆವು. ರೋಗಿಗಳ ಕಿಣ್ವ ಸ್ಪಷ್ಟವಾಗಿ ಮಂದವಾಗಿತ್ತು. ಕಣ್ಣಿಗೇ ಕಾಣುವಷ್ಟು. ನನ್ನ ಗೈಡ್ ಕನ್ನಡಕ ತೆಗೆದು ಒರೆಸಿಕೊಂಡರು, ಅವರು ಸಂತೋಷಪಡುವ ರೀತಿ ಅದು. "ಕಾನ್ಫರೆನ್ಸಿಗೆ ಕಳಿಸೋಣ. ಸಾರಾಂಶ ಬರಿ. ಸೋಮವಾರ ಕೊನೇ ದಿನ" ಎಂದರು. ನಾನು ಮನೆಯಲ್ಲಿ ಪಾಯಸ ಮಾಡಿಸಿದೆ.

ಇನ್ನೊಂದನ್ನೂ ಮಾಡಿದ್ದೆ, ಬರೆಯಲು ನಾಚಿಕೆಯಾಗುತ್ತದೆ. ಡ್ರಾಯಿಂಗ್ ಟೀಚರ್ ಪ್ರತಿ ಸಲವೂ "ನಂದು ಹೇಗಿದೆ, ಹೇಳಿ" ಎಂದು ಪೀಡಿಸುತ್ತಿದ್ದರು. ಹೇಳಬಾರದು ಎಂಬುದು ನಿಯಮ. ಆ ವಾರ ಫೋನಿನಲ್ಲಿ ಹೇಳಿಬಿಟ್ಟೆ: "ನಿಮ್ಮ ಕಿಣ್ವ ಸ್ವಲ್ಪ ಮಂದ."

ಈಗ ಡೈರಿಯ ಪುಟಕ್ಕೆ ಬರುತ್ತೇನೆ. ಅದು ಬುಧವಾರ. ಅಕ್ಕ ರಿಜಿಸ್ಟರ್ ಹಿಡಿದು ನನ್ನ ಮೇಜಿನ ಮುಂದೆ ನಿಂತರು.

"ಏನ್ರೀ, ಶನಿವಾರ ಶನಿವಾರ ಈ ಕಾಯಿಲೆ ರಜಾ ತಗೋತದಾ?"

ಅರ್ಥವಾಗಲಿಲ್ಲ. ಅವರು ರಿಜಿಸ್ಟರ್ ತೋರಿಸಿದರು. ಸೋಮವಾರ ಮತ್ತು ಬುಧವಾರ ತಂದ ರಕ್ತದಲ್ಲಿ ಕಿಣ್ವ ಮಂದ. ಶನಿವಾರ ತಂದದ್ದರಲ್ಲಿ, ಆರೋಗ್ಯವಂತರಷ್ಟೇ ಚುರುಕು. ಒಟ್ಟು ಸರಾಸರಿ ತೆಗೆದಾಗ ಶನಿವಾರ ಒಳಗೆ ಮುಳುಗಿಹೋಗಿತ್ತು. ಡ್ರಾಯಿಂಗ್ ಟೀಚರ್ ಒಮ್ಮೆ ಬುಧವಾರವೂ ಒಮ್ಮೆ ಶನಿವಾರವೂ ರಕ್ತ ಕೊಟ್ಟಿದ್ದರು. ಒಬ್ಬರದೇ ರಕ್ತ, ಬೇರೆ ಬೇರೆ ಇಬ್ಬರದ್ದರಂತೆ ಇತ್ತು.

"ನೋಡಿ, ಶನಿವಾರ ನೀವು ಬರೋದು ಅತ್ತು ಗಂಟೆಗೆ. ಮಿಕ್ಕ ದಿನ ಅನ್ನೊಂದೂ ಕಾಲು. ರಿಮಾರ್ಕ್ಸ್ ನೋಡಿ. ಸೋಮವಾರ, ಬೆಚ್ಚಗೆ. ಬುಧವಾರ, ಬೆಚ್ಚಗೆ. ಇನ್ನೊಂದು ಬುಧವಾರ, 'ಬೆಚ್ಚಗೆ, ಸಾಗು ವಾಸನೆ.' ಶನಿವಾರ ಏನೂ ಇಲ್ಲ. ಶನಿವಾರ ನೀವು ಏನು ಮಾಡಲ್ಲ?"

"ಶನಿವಾರ ಒಪ್ಪತ್ತು ಅಕ್ಕ" ಎಂದೆ. ನಮ್ಮಮ್ಮ ನನ್ನ ಪಿಎಚ್‌ಡಿಗಾಗಿ ಹೊತ್ತ ಹರಕೆ. ಶನಿವಾರ ಮಧ್ಯಾಹ್ನದ ಊಟದವರೆಗೆ ಏನೂ ತಿನ್ನುವಂತಿಲ್ಲ.

"ಮಿಕ್ಕ ದಿನ?"

"ದಾರಿಯಲ್ಲಿ ಒಂದು ಕಾಫಿ. ಐದು ನಿಮಿಷ ಅಷ್ಟೇ."

ಆಗ ಅದು ನಿಜವೆಂದೇ ನಂಬಿದ್ದೆ. ಆಣೆ ಹಾಕಲೂ ಸಿದ್ಧಳಿದ್ದೆ. ಅಕ್ಕ ನನ್ನ ಚೀಲವನ್ನು ನೋಡಿದರು.

"ನೀವು ಡೈರಿ ಬರೀತೀರಲ್ಲ. ತೆಗೀರಿ."

ತೆಗೆದೆ. ನನ್ನದು ಊಟ ತಿಂಡಿಯ ಬಗ್ಗೆ ವಿಸ್ತಾರವಾಗಿ ಬರೆಯುವ ಡೈರಿ. ಕೊನೆಯ ಸಲ ರಕ್ತ ತಂದ ಬುಧವಾರದ ಪುಟ ಅವರ ಮುಂದೆ ಗಟ್ಟಿಯಾಗಿ ಓದಬೇಕಾಯಿತು: "ಇವತ್ತು ಹೋಟೆಲಿನಲ್ಲಿ ಜಾಗಕ್ಕಾಗಿ ಇಪ್ಪತ್ತು ನಿಮಿಷ ಕಾದೆ. ಎರಡು ಮಸಾಲೆ. ಎರಡನೆಯದು ಹೆಚ್ಚು ಗರಿಗರಿ. ಚಟ್ನಿ ಎರಡು ಸಲ. ಬಿಸಿಲು ಜೋರು, ಸ್ಕೂಟರ್ ಸೀಟು ಮುಟ್ಟಲು ಆಗುತ್ತಿರಲಿಲ್ಲ."

ಸೀಟಿನ ಕೆಳಗೇ ಡಿಕ್ಕಿ. ಡಿಕ್ಕಿಯೊಳಗೆ ಐದು ಜನರ ರಕ್ತ.

ಒಂದೂವರೆ ವರ್ಷ ನಾನು ಅಳೆದದ್ದು ಕಾಯಿಲೆಯನ್ನಲ್ಲ, ನನ್ನ ತಿಂಡಿಯನ್ನು.

ಆಮೇಲೆ ನಾನು ಒಂದು ಮಾತು ಕೇಳಿದೆ. ಡೈರಿಯಲ್ಲಿ ಇದೆ, ಇರದಿದ್ದರೆ ನಾನೇ ನಂಬುತ್ತಿರಲಿಲ್ಲ. "ಅಕ್ಕ, ಶನಿವಾರದ್ದು ಮಾತ್ರ ಬಿಟ್ಟುಬಿಡೋಣವಾ? ಅದು ಸ್ವಲ್ಪವೇ ಇದೆಯಲ್ಲ."

ಅಕ್ಕ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಬಿಳಿ ಕೋಟಿನ ತೋಳು ಮಡಿಸಿದರು. ಅವತ್ತಿನಿಂದಲೇ ಅವರು ನನ್ನನ್ನು ಏಕವಚನದಲ್ಲಿ ಕರೆಯತೊಡಗಿದ್ದು.

"ತಗೋ. ನಂದು ಎರಡು ಟ್ಯೂಬು ತೆಗಿ. ಒಂದು ಇಲ್ಲೇ ಇರ್ಲಿ. ಇನ್ನೊಂದನ್ನ ನಾಳೆ... ಬೇಡ, ಈಗ್ಲೇ ದೋಸೆ ತಿನ್ನೋಕೆ ಕರ್ಕೊಂಡೋಗು."

"ಅಕ್ಕ..."

"ದಟ್ಟಗಳ್ಳಿಗೆ ಓಗಿ, ಅಲ್ಲಿಂದ ವಾಪಸ್ ಓಟ್ಲಿಗೆ. ಎರಡು ಮಸಾಲೆ. ಚಟ್ನಿ ಎರಡು ಸಲ. ಏನೂ ಕಮ್ಮಿ ಮಾಡಂಗಿಲ್ಲ. ಗಾಡೀನ ಬಿಸಿಲಲ್ಲೇ ನಿಲ್ಲಿಸು. ಒರಟ ಒತ್ತು, ಬಂದ ಒತ್ತು, ಎರಡೂ ಬರ್ಕೊಂಡು ಬಾ."

ಹೋದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ತಿಂದ ದೋಸೆ ಇನ್ನೊಂದಿಲ್ಲ. ಮೊದಲನೆಯದು ಹೇಗೋ ಇಳಿಯಿತು. ಎರಡನೆಯದನ್ನು ನೋಡುತ್ತಾ ಕುಳಿತೆ. ಮಾಣಿ ಬಂದು "ಯಾಕೆ ಮೇಡಂ, ಸೀದು ಹೋಗಿದೆಯಾ?" ಎಂದು ಕೇಳಿದ. ಹೊರಗೆ ಬಿಸಿಲಿನಲ್ಲಿ ಅಕ್ಕನ ರಕ್ತ ನನಗಾಗಿ ಕಾಯುತ್ತಿತ್ತು. ಪೂರ್ತಿ ತಿಂದೆ. ಚಟ್ನಿ ಎರಡು ಸಲ ಕೇಳಿ ಹಾಕಿಸಿಕೊಂಡೆ.

ವಾಪಸ್ ಬಂದಾಗ ಅಕ್ಕ ವಾಚು ನೋಡಿ, ಟ್ಯೂಬನ್ನು ಕೆನ್ನೆಗೆ ತಾಗಿಸಿ, "ಕಾಫಿ ಲೋಟ ಇದ್ದಂಗದೆ" ಎಂದರು. ಎರಡೂ ಟ್ಯೂಬುಗಳ ಕಣ ಬೇರ್ಪಡಿಸಿ ಅಳೆಯುವಾಗ ಸಂಜೆಯಾಗಿತ್ತು. ವಿಭಾಗದಲ್ಲೇ ಉಳಿದ ರಕ್ತ ಕಡುನೀಲಿ. ದೋಸೆಗೆ ಹೋಗಿ ಬಂದದ್ದು ಒಗೆದೊಗೆದು ಮಾಸಿದ ಯೂನಿಫಾರ್ಮಿನ ಬಣ್ಣ. ನನ್ನ ಪ್ರಬಂಧದ ಪ್ರಕಾರ ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್.

"ನೋಡು, ಮಧ್ಯಾನಕ್ಕೇ ನಂಗೂ ಬಂದ್ಬುಡ್ತು" ಎಂದರು ಅಕ್ಕ. ನಾನು ಅಳುತ್ತಿದ್ದೆ, ನಡುವೆ ನಗುವೂ ಬಂತು.

"ಸರ್‌ಗೆ ನೀವು ಹೇಳ್ತೀರಾ?" ಎಂದು ಕೇಳಿದೆ.

"ನಾನ್ಯಾಕೆ? ದೋಸೆ ತಿಂದೋಳು ನೀನು. ನೀನೇ ಏಳು."

ಗುರುವಾರ ಹೇಳಲಿಲ್ಲ. ಶುಕ್ರವಾರ ಗೈಡ್ ರೂಮಿನ ಬಾಗಿಲವರೆಗೆ ಹೋಗಿ ಬಂದೆ. ಅಕ್ಕ ಏನೂ ಕೇಳಲಿಲ್ಲ, ನೆನಪಿಸಲಿಲ್ಲ, ಮುಖ ಗಂಟು ಹಾಕಲೂ ಇಲ್ಲ, ಉಪ್ಪಿಟ್ಟು ಕೊಟ್ಟರು. ಅದನ್ನೇ ತಡೆಯಲಾಗಲಿಲ್ಲ. ಶನಿವಾರ, ಖಾಲಿ ಹೊಟ್ಟೆಯಲ್ಲಿ, ಗೈಡ್ ಮುಂದೆ ರಿಜಿಸ್ಟರ್ ಇಟ್ಟು ಎಲ್ಲ ಹೇಳಿದೆ. ಶನಿವಾರದ ವಿಷಯ ಕಂಡುಹಿಡಿದವರು ಯಾರೆಂದೂ ಹೇಳಿದೆ. ಆಗ ಸರಿಯಾಗಿಯೇ ಹೇಳಿದ್ದೆ, ಡೈರಿಯಲ್ಲಿ ಇದೆ. ಕಥೆ ಕೆಟ್ಟದ್ದು ಆಮೇಲೆ, ದಾರಿಯಲ್ಲಿ.

ಗೈಡ್ ಕನ್ನಡಕ ತೆಗೆಯಲಿಲ್ಲ. ಸಾರಾಂಶದ ಹಾಳೆಯನ್ನು ನಾಲ್ಕಾಗಿ ಮಡಿಸಿ ಮೇಜಿನ ಕಾಲಿನ ಕೆಳಗೆ, ಆ ಮೇಜು ಅಲ್ಲಾಡುತ್ತಿದ್ದ ಕಡೆ, ಸಿಕ್ಕಿಸಿದರು. ಆಮೇಲೆ ಕೇಳಿದರು: "ಯಾವ ಹೋಟ್ಲು?"

ಹೇಳಿದೆ.

"ಹೂಂ. ಅಲ್ಲಾದ್ರೆ ಎರಡು ತಿನ್ನಬೇಕಾದ್ದೇ."

ಮತ್ತೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ರೋಗಿಗಳು ಮತ್ತೆ ಕೈ ಒಡ್ಡಬೇಕು. ಡ್ರಾಯಿಂಗ್ ಟೀಚರ್ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅಕ್ಕ ಜೊತೆಗೆ ಬಂದರು, ಆದರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು ತಮಗೆ ಸಂಬಂಧವೇ ಇಲ್ಲದವರಂತೆ ಕ್ಯಾಲೆಂಡರ್ ನೋಡುತ್ತಿದ್ದರು.

ಟೀಚರ್ ಪೂರ್ತಿ ಕೇಳಿ, ಅಡಿಗೆಮನೆಯ ಕಡೆ ತಿರುಗಿ ಕೂಗಿದರು. "ಅಮ್ಮಾ, ನಿಲ್ಸು! ನನ್ನ ಕಿಣ್ವಕ್ಕೆ ಏನೂ ಆಗಿಲ್ವಂತೆ!" ಆಮೇಲೆ ನನ್ನ ಕಡೆ ತಿರುಗಿ, "ರೀ, ನೀವು ಮಂದ ಅಂದ ದಿನದಿಂದ ನಮ್ಮಮ್ಮ ನಂಗೆ ದಿನಾ ಬೆಳಗ್ಗೆ ನುಗ್ಗೆಸೊಪ್ಪಿನ ರಸ ಕುಡಿಸ್ತಾ ಇದಾರೆ, ದೊಡ್ಡ ಲೋಟ. ನೀವು ದೋಸೆ ತಿಂದಿದ್ದಕ್ಕೆ ನಾನು ನುಗ್ಗೆಸೊಪ್ಪು ಕುಡೀಬೇಕಾ?" ಎಂದರು.

ಬಾಗಿಲ ಹತ್ತಿರ ಅಕ್ಕ ಕ್ಯಾಲೆಂಡರ್ ಬಿಟ್ಟು ನಗತೊಡಗಿದರು. ಟೀಚರ್ ನಗುತ್ತಲೇ ಇದ್ದರು, ಆದರೆ ಒಂದು ಕ್ಷಣ ತಮ್ಮ ಬಲಗೈಯನ್ನು ನೋಡಿಕೊಂಡದ್ದು ನೆನಪಿದೆ. ಅದು ಡೈರಿಯಲ್ಲಿಲ್ಲ. ಬರೆಯುವಷ್ಟು ಧೈರ್ಯ ಇರಲಿಲ್ಲವೇನೋ. ಮತ್ತೆ ರಕ್ತ ಕೊಡಲು ಒಪ್ಪಿದರು, ಒಂದು ಷರತ್ತಿನ ಮೇಲೆ: "ಈ ಸಲ ನಂಗೆ ಏನೂ ಹೇಳ್ಬೇಡಿ."

ಅಕ್ಕ ಹೊಸ ಪದ್ಧತಿ ಮಾಡಿದರು. ಡಬ್ಬಿ ಡಿಕ್ಕಿಯಲ್ಲಿ ಅಲ್ಲ, ಕಾಲಿನ ಬಳಿ, ಒದ್ದೆ ಬಟ್ಟೆ ಸುತ್ತಿ. ಸೂಜಿ ತೆಗೆದ ಹೊತ್ತು ಒಂದು ಕಾಲಮ್ಮು, ವಿಭಾಗ ಮುಟ್ಟಿದ ಹೊತ್ತು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಆರೋಗ್ಯವಂತರ ರಕ್ತವೂ ವಿಭಾಗದಲ್ಲೇ ಆರಾಮವಾಗಿ ಕೂರುವಂತಿಲ್ಲ. ಅದನ್ನೂ ಬೆಳಗ್ಗೆ ತೆಗೆದು ದಟ್ಟಗಳ್ಳಿಗೆ ಕರೆದೊಯ್ದು, ರೋಗಿಗಳ ರಕ್ತದ ಜೊತೆಗೇ ವಾಪಸ್ ತರಬೇಕು. "ಇಬ್ಬರೂ ಒಂದೇ ಗುಂಡಿಗೆ ಎಗರ್ಬೇಕು, ಒಂದೇ ಸಿಗ್ನಲಲ್ಲಿ ನಿಲ್ಬೇಕು. ಆಮೇಲೆ ನೋಡಣ ಯಾರು ಎಂಗವ್ರೆ ಅಂತ." ಅದಕ್ಕೆ ಸವಾರಿ ಎಂದು ಹೆಸರು ಬಿತ್ತು. ಕೆಲಸ ಮತ್ತೆ ಮಾಡಿದ ಎಂಟು ತಿಂಗಳಲ್ಲಿ ಅಕ್ಕನ ರಕ್ತ ಮೈಸೂರಿನ ಅರ್ಧ ನೋಡಿತು.

ಈ ಸಲ ರೋಗಿಗಳಿಗೂ ಆರೋಗ್ಯವಂತರಿಗೂ ಮೊದಲಿನ ಆ ದೊಡ್ಡ ಅಂತರ ಕಾಣಲಿಲ್ಲ. ಕೆಲವರಲ್ಲಿ ಸಣ್ಣದೊಂದು ವ್ಯತ್ಯಾಸ ಉಳಿಯಿತು. ಅದು ಏನನ್ನು ಹೇಳುತ್ತದೆಂದು ಖಚಿತವಾಗಿ ಹೇಳಲಾರೆ ಎಂದೇ ಪ್ರಬಂಧದಲ್ಲಿ ಬರೆದೆ. ಡಿಗ್ರಿ ಬಂತು. ನನ್ನ ಪ್ರಬಂಧದಲ್ಲಿ ಜನ ಈಗಲೂ ತೆರೆದು ನೋಡುವುದು ಒಂದೇ ಅಧ್ಯಾಯ, ರಕ್ತವನ್ನು ಒಯ್ಯುವ ಬಗೆಯದು. ವಿಭಾಗದಲ್ಲಿ ಇವತ್ತಿಗೂ, ಹೋಲಿಕೆಗೆ ತೆಗೆದ ಆರೋಗ್ಯವಂತರ ರಕ್ತ ಕಾಣದೆ "ಕಂಟ್ರೋಲ್ ಎಲ್ಲಿ?" ಎಂದರೆ "ಸವಾರಿ ಹೋಗಿದೆ" ಎನ್ನುತ್ತಾರೆ. ಆ ಅಧ್ಯಾಯದ ಮೇಲೆ ನನ್ನ ಹೆಸರಿದೆ. ಕೃತಜ್ಞತೆಯ ಪುಟದಲ್ಲಿ ಅಕ್ಕನ ಹೆಸರು ಏಳನೆಯದು, ಸ್ಟೋರ್ಸ್ ವಿಭಾಗದ ನಂತರ. ಇದನ್ನೂ ಮೊನ್ನೆ ಸಂಜೆಯೇ ತೆಗೆದು ನೋಡಿದ್ದು.

ನಿನ್ನೆ ಶನಿವಾರ ಬೆಳಗ್ಗೆ ವಿಜಯನಗರದ ಅಕ್ಕನ ಮನೆಗೆ ಹೋದೆ. ಅವರಪ್ಪ ಕೊನೆಯದಾಗಿ ಗಾರೆ ಬಳಿದ ಮನೆ ಅದು. ನಡುಮನೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಹಿಂದಿನ ದಿನದ ಹಾರಗಳು ರಾಶಿ ಬಿದ್ದಿದ್ದವು. ಅಕ್ಕ ನೈಟಿಯ ಮೇಲೆ ಟವೆಲ್ ಹೊದ್ದು ಬಾಗಿಲು ತೆಗೆದರು. ಮಣಿಕಟ್ಟಿನಲ್ಲಿ ವಾಚು.

ಕೂರುವ ಮುಂಚೆಯೇ ಹೇಳಿದೆ. "ಅಕ್ಕ, ನಿನ್ನೆ ನಾನು ತಪ್ಪು ಹೇಳಿದೆ. ಶನಿವಾರದ್ದು ಹೊಳೆದದ್ದು ನಿಮಗೆ. ನನಗಲ್ಲ. ಅಷ್ಟು ಜನರ ಮುಂದೆ ನಂದು ಅಂದುಬಿಟ್ಟೆ."

"ಗೊತ್ತು."

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ? ದೋಸೆ ತಿದ್ದಿದಿರಿ."

"ದೋಸೆ ವಿಷಯ ನಾನು ಏಳ್ಬೋದು. ಅದು ನಗೋ ವಿಷಯ. ಇದು ನೀನೇ ಏಳ್ಬೇಕಾದ್ದು." ಅಕ್ಕ ಒಂದು ಹಾರವನ್ನು ಎತ್ತಿ, ಬಾಡಿದ ಹೂವು ಬಿಡಿಸತೊಡಗಿದರು. "ಓದ್ಸಲ ಮೂರು ದಿನ ತಗೊಂಡಿದ್ದೆ. ಈ ಸಲ ಎಷ್ಟು ದಿನಕ್ಕೆ ಬರ್ತೀಯ ನೋಡಣ ಅಂತಿದ್ದೆ."

"ಒಂದು ದಿನ" ಎಂದೆ.

"ಪೂರ್ತಿ ಆಗಿಲ್ಲ." ವಾಚು ನೋಡಿದರು. "ಮನೆಯಿಂದ ಯಾವಾಗ ಒರಟೆ?"

"ಹತ್ತೂ ಕಾಲಿಗೆ."

"ಈಗ ಅತ್ತೂವರೆ. ದಾರೀಲಿ ಎಲ್ಲೂ ನಿಲ್ಲಿಸಿಲ್ಲ ತಾನೇ?"

"ಎಲ್ಲೂ ಇಲ್ಲ ಅಕ್ಕ."

"ಅಂಗಾದ್ರೆ ಸರಿ." ಒಳಗೆ ಹೊರಟವರು ತಿರುಗಿ ನೋಡಿದರು. "ಶನಿವಾರ ಅಲ್ವಾ ಇವತ್ತು? ಒಪ್ಪತ್ತು ಇನ್ನೂ ಮಾಡ್ತೀಯಾ?"

ಬಿಟ್ಟು ಎಷ್ಟೋ ವರ್ಷವಾಯಿತು ಎಂದೆ. ಕಾಲೇಜಿನ ಮಕ್ಕಳಿಗೂ ನಿಮ್ಮ ಹೆಸರು ಹೇಳಿ ಕಥೆಯನ್ನು ಸರಿಪಡಿಸುತ್ತೇನೆ, ಬರೆದೂ ಇಡುತ್ತೇನೆ ಎಂದೆ. ಆಗಲೇ ಅವರು ಹೆಸರು ಹಾಕಬೇಡ ಎಂದದ್ದು, ನೆಂಟರ ಶುಗರ್ ರಿಪೋರ್ಟಿನ ಮಾತು ಹೇಳಿದ್ದು. ಮಾತಾಡುತ್ತಲೇ ಕಾವಲಿ ಕಾಯಿಸಿ ಹಿಟ್ಟು ಹುಯ್ದರು. ಆಲೂಗೆಡ್ಡೆ ಪಲ್ಯ ಮೊದಲೇ ಮಾಡಿಟ್ಟಿದ್ದರು. ನಾನು ಬರುವುದು ಅವರಿಗೆ ಗೊತ್ತಿತ್ತೋ, ಅದು ಅವರ ಮನೆಯ ಮಾಮೂಲಿ ತಿಂಡಿಯೋ, ಕೇಳಲಿಲ್ಲ.

ತಟ್ಟೆ ತಂದು ನನ್ನ ಮುಂದೆ ಇಟ್ಟರು. ಒಂದರ ಮೇಲೊಂದು, ಗರಿಗರಿಯಾಗಿ.

"ಎರಡು" ಎಂದರು ಅಕ್ಕ. "ಈಗ್ಲೇ ಬರ್ಕೋ. ಆಮೇಲೆ ಒಂದು ಅಂತೀಯ."